ಬೇರೆಯವರ ಸಮಯಕ್ಕೆ ಸಂಗೀತ ಮಾಡುವುದು

(ಹಿನ್ನೆಲೆ ಸಂಗೀತವನ್ನು ವೃತ್ತಿ ಮಾಡಿಕೊಳ್ಳಬೇಕು ಅಂದುಕೊಂಡಿರುವ ಯುವ ಸಂಗೀತಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಕೀಬೋರ್ಡ್ ನುಡಿಸಿ ತೋರಿಸಿದ ಕಡೆಗಳಲ್ಲಿ ಇಲ್ಲಿ ಒಂದೆರಡು ಸಾಲು ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಫೂರ್ತಿ ಎಲ್ಲಿಂದ ಬರುತ್ತೆ ಅನ್ನೋದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದವರು ಹೇಳಿದ್ದರು. ಆ ವಿಷಯದಲ್ಲಿ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಸ್ಟಾಪ್‌ವಾಚ್ ಬಗ್ಗೆ ಕೇಳಿ, ಸಂಜೆವರೆಗೂ ಮಾತಾಡುತ್ತೇನೆ. ಸಿನಿಮಾಕ್ಕೆ, ಟಿವಿ ಧಾರಾವಾಹಿಗೆ ಹಿನ್ನೆಲೆ ಸಂಗೀತ ಮಾಡುವವರ ಬದುಕು ನಡೆಯುವುದೇ ಬೇರೆಯವರ ಸಮಯದೊಳಗೆ. ಸೀನ್ ಎಷ್ಟು ಉದ್ದ ಅಂತ ಎಡಿಟರ್ ತೀರ್ಮಾನ ಮಾಡಿರುತ್ತಾರೆ. ಮಾತು ಎಲ್ಲಿ ನಿಲ್ಲಬೇಕು ಅಂತ ನಟರು ತೀರ್ಮಾನ ಮಾಡಿರುತ್ತಾರೆ. ಕೆಲಸ ಎಂದು ಮುಗಿಯಬೇಕು ಅಂತ ನಿರ್ಮಾಪಕರು. ಉಳಿದ ಸಂದಿಗೊಂದಿಯಲ್ಲಿ ನಾವು. ಅಲ್ಲಿ ಜಾಗ ಮಾಡಿಕೊಳ್ಳುವುದನ್ನು ಕಲಿತವರು ಈ ಕೆಲಸದಲ್ಲಿ ಉಳಿಯುತ್ತಾರೆ. ಒಳ್ಳೆ ಟ್ಯೂನ್ ಮಾಡುವವರೆಲ್ಲ ಉಳಿಯುತ್ತಾರೆ ಅನ್ನೋಕಾಗಲ್ಲ.

ಹಾಡು ಮಾಡುವಾಗ ಹೀಗಿಲ್ಲ, ಅಲ್ವಾ? ಪಲ್ಲವಿ ಇನ್ನೊಂದು ಸಲ ಬೇಕು ಅನ್ನಿಸಿದರೆ ಹಾಕಿಕೊಳ್ಳಬಹುದು. ಕೊಳಲಿನ ಬಿಟ್ ಚೆನ್ನಾಗಿ ಬಂದರೆ ನಾಲ್ಕು ಸಾಲು ಬೆಳೆಸಬಹುದು. ಶೂಟಿಂಗ್, ಡ್ಯಾನ್ಸ್, ಎಡಿಟಿಂಗ್ ಎಲ್ಲಾ ಹಾಡಿನ ಹಿಂದೆ ಬರುತ್ತವೆ. ಆರ್‌ಆರ್‌ಗೆ, ಅಂದರೆ ಹಿನ್ನೆಲೆ ಸಂಗೀತದ ರೀ-ರೆಕಾರ್ಡಿಂಗ್‌ಗೆ ಕೂತಾಗ ಪೂರ್ತಿ ಉಲ್ಟಾ. ಹಾಡಿನಲ್ಲಿ ದೊಡ್ಡ ಹೆಸರು ಮಾಡಿದವರೂ ಇಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಅವರಿಗೆ ಪ್ರತಿಭೆ ಕಮ್ಮಿ ಅಂತಲ್ಲ. ತಮ್ಮ ಟ್ಯೂನ್ 11 ಸೆಕೆಂಡಿಗೆ ನಿಲ್ಲಬೇಕು, ಯಾಕಂದರೆ ಅಲ್ಲಿ ಬಾಗಿಲು ಬಡಿಯುತ್ತೆ ಅನ್ನೋದನ್ನು ಒಪ್ಪಿಕೊಳ್ಳೋಕೆ ಕಷ್ಟ.

ಕೆಲಸ ಶುರುವಾಗುವುದು ಸ್ಪಾಟಿಂಗ್‌ನಿಂದ. ನಿರ್ದೇಶಕರು, ಎಡಿಟರ್, ಸಂಗೀತ ಮಾಡುವವರು ಒಟ್ಟಿಗೆ ಕೂತು ಸಿನಿಮಾ ನೋಡುತ್ತಾ, ನಿಲ್ಲಿಸುತ್ತಾ, ಸಂಗೀತ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿಕೊಳ್ಳುತ್ತಾರೆ. ಒಂದೊಂದು ತುಣುಕಿಗೂ ಒಂದು ನಂಬರ್. 3ಎಂ2 ಅಂದರೆ ಮೂರನೇ ರೀಲಿನ ಎರಡನೇ ಸಂಗೀತ. ಈಗ ರೀಲೇ ಇಲ್ಲ. ನಂಬರ್ ಕೊಡುವ ರೂಢಿ ಮಾತ್ರ ಹಾಗೇ ಉಳಿದಿದೆ.

ಹೊರಗಿನವರಿಗೆ ಇದು ಗುಮಾಸ್ತಿಕೆ ಥರ ಕಾಣುತ್ತೆ. ನನ್ನ ಪ್ರಕಾರ ಅರ್ಧ ಸಂಗೀತ ಇಲ್ಲೇ ತೀರ್ಮಾನ ಆಗಿಬಿಡುತ್ತೆ. ಒಂದು ಸೀನ್ ತಗೊಳ್ಳೋಣ. ಮಗನಿಗೆ ಕೆಲಸ ಹೋಗಿದೆ. ಅಪ್ಪನಿಗೆ ಫೋನ್ ಮಾಡುತ್ತಾನೆ. ‘ಎಲ್ಲಾ ಚೆನ್ನಾಗಿದೆ ಅಪ್ಪ, ಪ್ರಮೋಷನ್ ಆಗೋದ್ರಲ್ಲಿದೆ’ ಅನ್ನುತ್ತಾನೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು ‘ಸರಿ ಮಗಾ’ ಅಂತ ಫೋನ್ ಇಡುತ್ತಾರೆ. ಕ್ಯಾಮೆರಾ ಸರಿದರೆ ಮೇಜಿನ ಮೇಲೆ ಒಂದು ಪತ್ರ. ಮಗನ ಕೆಲಸ ಹೋಗಿರುವುದು ಅವರಿಗೆ ಮೊದಲೇ ಗೊತ್ತು. ಅವರು ಪತ್ರ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಷ್ಟೇ ಸೀನ್.

ಸಂಗೀತ ಎಲ್ಲಿ ಶುರು ಮಾಡ್ತೀರಿ?

ಮಗ ಸುಳ್ಳು ಹೇಳುವಾಗಲೇ ಶುರು ಮಾಡಿದರೆ ನಾವು ಮಗನ ಕಡೆಯವರಾದೆವು. ಪಾಪ ಹುಡುಗ ಅಂದಂತೆ. ಅಪ್ಪ ಸುಮ್ಮನಾದ ಜಾಗದಲ್ಲಿ ಶುರು ಮಾಡಿದರೆ ‘ಇಲ್ಲೇನೋ ಇದೆ ನೋಡಿ’ ಅಂತ ಪ್ರೇಕ್ಷಕರ ಪಕ್ಕೆಗೆ ತಿವಿದಂತೆ. ಆಗ ಪತ್ರದ ಗುಟ್ಟು ಎರಡು ಶಾಟ್ ಮೊದಲೇ ಬಿಟ್ಟುಕೊಡುತ್ತದೆ. ಪತ್ರ ಕಂಡ ಫ್ರೇಮಿಗೇ ಸರಿಯಾಗಿ ಢಂ ಅಂತ ಹಾಕಬಹುದು. ತುಂಬಾ ಜನ ಹಾಗೇ ಹಾಕುತ್ತಾರೆ. ಆದರೆ ಪತ್ರ ಎಲ್ಲರಿಗೂ ಕಾಣಿಸುತ್ತಿದೆ. ಅದನ್ನು ಕೂಗಿ ಹೇಳುವ ಅಗತ್ಯ ಏನು? ನಾನಾದರೆ ಪತ್ರ ಮಡಚಿದ ಸದ್ದು ಮುಗಿಯುವವರೆಗೆ ಕಾಯುತ್ತೇನೆ. ಅವರ ಕೈ ಜೇಬಿಗೆ ಹೋಗುವಾಗ ಒಂದೇ ಒಂದು ಸ್ವರ. ಆಗ ಸಂಗೀತ ಅಪ್ಪನ ಪರವಾಗಿ ನಿಲ್ಲುತ್ತದೆ. ಮಗನ ಸುಳ್ಳನ್ನು ಮುಚ್ಚಿಡುವ ಅಪ್ಪ ಅವರು. ಸೀನಿನಲ್ಲಿ ಯಾರೂ ಬಾಯಿಬಿಟ್ಟು ಹೇಳದೇ ಇರುವುದು ಅದೊಂದೇ.

ಅದೇ ರಾಗ, ಅದೇ ವಾದ್ಯ ಇಟ್ಟುಕೊಂಡು ಶುರುವಾಗುವ ಜಾಗ ಮಾತ್ರ ಬದಲಾಯಿಸಿ ನೋಡಿ, ಸೀನೇ ಬೇರೆ ಆಗುತ್ತೆ. ನಿಲ್ಲಿಸುವ ಜಾಗದ್ದೂ ಇದೇ ಕಥೆ. ಮುಖ್ಯವಾದ ಮಾತಿಗೆ ಒಂದು ಸೆಕೆಂಡ್ ಮುಂಚೆ ಸಂಗೀತ ನಿಂತರೆ ಆ ಮಾತು ಎಷ್ಟು ಮೆಲ್ಲಗಿದ್ದರೂ ಕಿವಿಗೆ ಬೀಳುತ್ತದೆ. ನಿರ್ದೇಶಕ ಹಿಚ್‌ಕಾಕ್ 1963ರ ‘ದಿ ಬರ್ಡ್ಸ್’ ಚಿತ್ರದಲ್ಲಿ ಇದನ್ನು ತುದಿಯವರೆಗೆ ಒಯ್ದರು. ಆ ಸಿನಿಮಾಕ್ಕೆ ನಾವಂದುಕೊಳ್ಳುವಂಥ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಕೂಗು, ರೆಕ್ಕೆ ಬಡಿತ ಇವೇ ಸಂಗೀತದ ಕೆಲಸ ಮಾಡುತ್ತವೆ. ಅದರಲ್ಲಿ ಎಷ್ಟೋ ಸದ್ದುಗಳನ್ನು ಆಸ್ಕರ್ ಸಾಲಾ ಎಂಬ ಜರ್ಮನ್ ಸಂಗೀತಗಾರ ಟ್ರೌಟೋನಿಯಂ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಮಾಡಿದ್ದು. ಬರ್ನಾರ್ಡ್ ಹರ್ಮನ್‌ರಂಥ ದೊಡ್ಡ ಸಂಯೋಜಕ ಆ ಚಿತ್ರದಲ್ಲಿ ಧ್ವನಿ ಸಲಹೆಗಾರ ಮಾತ್ರ. ಅಷ್ಟು ದೊಡ್ಡವರು ಒಂದು ಟ್ಯೂನ್ ಕೂಡ ಬರೆಯದೆ ಕೂತಿದ್ದರು ಅನ್ನೋದು ನನಗೆ ಬಹಳ ಇಷ್ಟವಾದ ವಿಷಯ.

ಈಗ ಲೆಕ್ಕಕ್ಕೆ ಬರೋಣ. ಭಯಪಡಬೇಡಿ, ಭಾಗಾಕಾರ ಬಂದರೆ ಸಾಕು.

ಒಂದು ತುಣುಕು ಸಂಗೀತ ಶುರುವಾಗಿ 17.5 ಸೆಕೆಂಡಿಗೆ ಬಾಗಿಲು ತೆರೆಯುತ್ತದೆ ಅಂತಿಟ್ಟುಕೊಳ್ಳಿ. ಆ ಕ್ಷಣಕ್ಕೆ ಸರಿಯಾಗಿ ನಮ್ಮ ಸಮ, ಅಂದರೆ ತಾಳದ ಸುತ್ತಿನ ಮೊದಲ ಬೀಟ್, ಬೀಳಬೇಕು. ನಾಲ್ಕು ಬೀಟಿನ ಆವರ್ತ. ಏಳು ಆವರ್ತ ಮುಗಿದು ಎಂಟನೆಯದು ಶುರುವಾಗುವ ಜಾಗಕ್ಕೆ ಬಾಗಿಲು ಬರಲಿ ಅಂದುಕೊಂಡರೆ 17.5 ಸೆಕೆಂಡಿನಲ್ಲಿ 28 ಬೀಟ್ ಆಗಬೇಕು. 28ನ್ನು 17.5ರಿಂದ ಭಾಗಿಸಿ 60ರಿಂದ ಗುಣಿಸಿ. 96 ಬರುತ್ತದೆ. ನಿಮಿಷಕ್ಕೆ 96 ಬೀಟ್. ಚೆನ್ನಾಗಿ ಕೂತಿತು.

ಆದರೆ ಸೀನ್ ಅಲ್ಲಿಗೇ ಮುಗಿಯಲ್ಲ. 31ನೇ ಸೆಕೆಂಡಿಗೆ ಒಳಗಿದ್ದವಳ ಕೈಯಿಂದ ಗ್ಲಾಸ್ ಜಾರುತ್ತದೆ. 96ರ ಗತಿಯಲ್ಲಿ ಹೋದರೆ ಅಷ್ಟು ಹೊತ್ತಿಗೆ 49.6 ಬೀಟ್ ಆಗಿರುತ್ತದೆ. ಯಾವ ಬೀಟಿಗೂ ಬೀಳುತ್ತಿಲ್ಲ. 50 ಬೀಟ್ ಮುಗಿಯುವುದು 31.25 ಸೆಕೆಂಡಿಗೆ. ಕಾಲು ಸೆಕೆಂಡ್ ತಡ, ಅಂದರೆ ಸಿನಿಮಾದ 6 ಫ್ರೇಮ್. ಏನು ಮಾಡೋದು? ಬಾಗಿಲು ತೆರೆದ ಮೇಲೆ ಗತಿಯನ್ನು ಒಂಚೂರು ಏರಿಸಿ. 28ರಿಂದ 50ಕ್ಕೆ 22 ಬೀಟ್. ಸಮಯ 13.5 ಸೆಕೆಂಡ್. ಲೆಕ್ಕ ಹಾಕಿದರೆ 98ಕ್ಕೆ ಒಂದು ಕೂದಲೆಳೆ ಕಮ್ಮಿ. 96ರಿಂದ 98ಕ್ಕೆ ಏರಿದ್ದು ಕೇಳುವವರಿಗೆ ಗೊತ್ತೇ ಆಗಲ್ಲ. ಇನ್ನು 22 ಅಂದರೆ ಐದು ಆವರ್ತ ಆಗಿ ಎರಡು ಬೀಟ್ ಮಿಗುತ್ತದೆ. ಮಧ್ಯೆ ಎಲ್ಲೋ ಒಂದು ಎರಡು ಬೀಟಿನ ಆವರ್ತ ತೂರಿಸಿದರೆ ಗ್ಲಾಸ್ ಜಾರುವಾಗ ಮತ್ತೆ ಸಮ. ಯಾವ ಜಾಗದಲ್ಲಿ ತೂರಿಸಿದರೆ ಟ್ಯೂನ್ ಮುಗ್ಗರಿಸಲ್ಲ ಅನ್ನೋದಕ್ಕೆ ಸೂತ್ರ ಇಲ್ಲ. ಅದಕ್ಕೆ ಕಿವಿಯೇ ಬೇಕು. ನಾನು ಸಾಮಾನ್ಯವಾಗಿ ಯಾರಾದರೂ ಮಾತಾಡುತ್ತಿರುವ ಜಾಗ ನೋಡಿ ಅದರ ಅಡಿಯಲ್ಲಿ ಬಚ್ಚಿಡುತ್ತೇನೆ.

ಇಂದು ಸಾಫ್ಟ್‌ವೇರ್ ಈ ಲೆಕ್ಕವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಮಾಡಿಕೊಡುತ್ತದೆ. ಹಿಂದೆ ಹಾಗಿರಲಿಲ್ಲ. ಫಿಲ್ಮಿನ ಫ್ರೇಮುಗಳನ್ನೇ ಎಣಿಸುತ್ತಿದ್ದರು. 24 ಫ್ರೇಮಿಗೆ ಒಂದು ಸೆಕೆಂಡ್. 12 ಫ್ರೇಮಿಗೊಂದು ಕ್ಲಿಕ್ ಅಂದರೆ ನಿಮಿಷಕ್ಕೆ 120 ಬೀಟ್. ವಾದ್ಯದವರು ಹೆಡ್‌ಫೋನಿನಲ್ಲಿ ಆ ಕ್ಲಿಕ್ ಕೇಳಿಕೊಂಡು ನುಡಿಸುತ್ತಿದ್ದರು. ಈ ಪದ್ಧತಿ ಶುರುವಾಗಿದ್ದು ಹೆಚ್ಚಾಗಿ ಕಾರ್ಟೂನ್ ಚಿತ್ರಗಳಿಂದ. ಅಲ್ಲಿ ಇಲಿಯ ಒಂದೊಂದು ಹೆಜ್ಜೆಗೂ ಒಂದು ಸ್ವರ ಬೀಳಬೇಕಿತ್ತಲ್ಲ! ಕ್ಲಿಕ್ ಬೇಡ, ಸಂಗೀತ ಉಸಿರಾಡಬೇಕು ಅನ್ನುವವರಿಗೆ ಇನ್ನೊಂದು ದಾರಿ ಇತ್ತು. ಫಿಲ್ಮಿನ ಮೇಲೆ ಹಲವು ಫ್ರೇಮುಗಳುದ್ದಕ್ಕೂ ಓರೆಯಾಗಿ ಗೆರೆ ಕೆರೆಯುತ್ತಿದ್ದರು. ಪರದೆಯ ಮೇಲೆ ಆ ಗೆರೆ ಎಡದಿಂದ ಬಲಕ್ಕೆ ಸರಿದು ಹೋಗುತ್ತದೆ. ಅದು ಬಲತುದಿ ಮುಟ್ಟಿದಾಗ ಫಿಲ್ಮಿನಲ್ಲಿ ಕೊರೆದ ತೂತಿನಿಂದ ಬೆಳಕು ಫಳ್ ಅನ್ನುತ್ತದೆ. ಕಂಡಕ್ಟರ್ ಅದನ್ನು ನೋಡಿಕೊಂಡು ಕೈಯಲ್ಲೇ ಗತಿ ಹಿಗ್ಗಿಸಿ ಕುಗ್ಗಿಸಿ ಸರಿಯಾಗಿ ಬಂದು ಇಳಿಯುತ್ತಿದ್ದರು. ಸ್ಟ್ರೀಮರ್, ಪಂಚ್ ಅಂತ ಅದಕ್ಕೆ ಹೆಸರು. ಈಗಲೂ ದೊಡ್ಡ ಆರ್ಕೆಸ್ಟ್ರಾ ರೆಕಾರ್ಡಿಂಗ್‌ಗಳಲ್ಲಿ ಇದೇ ಗೆರೆ ಕಂಪ್ಯೂಟರಿನಿಂದ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ ಒಂದು ಮಾತು. ಎಲ್ಲದಕ್ಕೂ ಹೊಡೆಯಬೇಡಿ. ಬಾಗಿಲಿಗೊಂದು, ಗ್ಲಾಸಿಗೊಂದು, ತಲೆ ತಿರುಗಿಸಿದ್ದಕ್ಕೊಂದು ಅಂತ ಹೋದರೆ ಗಂಭೀರ ಸೀನೂ ಕಾರ್ಟೂನ್ ಆಗುತ್ತದೆ. ನಮ್ಮವರು ಇದಕ್ಕೆ ಮಿಕ್ಕಿ ಮೌಸಿಂಗ್ ಅನ್ನುತ್ತಾರೆ. ಇನ್ನೊಂದು, ಹೊಡೆಯುವುದಾದರೂ ಎರಡು ಮೂರು ಫ್ರೇಮ್ ತಡವಾದರೆ ಪರವಾಗಿಲ್ಲ. ನೋಡಿದ ಮೇಲೆ ಮನಸ್ಸು ಬೆಚ್ಚುವುದು ಸಹಜ ತಾನೇ. ಮುಂಚೆ ಬಿದ್ದರೆ ಕೆಟ್ಟಿತು. ಸಂಗೀತ ಮಾಡಿದವನಿಗೆ ಗ್ಲಾಸ್ ಬೀಳೋದು ಮೊದಲೇ ಗೊತ್ತಿತ್ತು ಅಂತ ಪ್ರೇಕ್ಷಕರಿಗೆ ಅನ್ನಿಸಿಬಿಡುತ್ತದೆ.

ಇಷ್ಟು ಜೋಡಿಸಿ ಮುಗಿಸಿದ ಮೇಲೆ ಎಡಿಟರ್ ಫೋನ್ ಬರುತ್ತದೆ. ‘ಏನಿಲ್ಲ, ಬಾಗಿಲಿಗೆ ಮುಂಚೆ ಒಂದು ಶಾಟ್ ಸ್ವಲ್ಪ ಟ್ರಿಮ್ ಮಾಡಿದೀವಿ. 15 ಫ್ರೇಮ್ ಅಷ್ಟೇ.’ 96ರ ಗತಿಯಲ್ಲಿ 15 ಫ್ರೇಮ್ ಅಂದರೆ ಸರಿಯಾಗಿ ಒಂದು ಬೀಟ್! ಇದು ಅದೃಷ್ಟ. ಒಂದು ಆವರ್ತವನ್ನು ಮೂರು ಬೀಟಿಗೆ ಇಳಿಸಿದರೆ ಮುಗಿಯಿತು. 11 ಫ್ರೇಮ್ ಕತ್ತರಿಸಿದ್ದರೆ ಮೊದಲಿಂದ ಲೆಕ್ಕ. ಪಿಕ್ಚರ್ ಲಾಕ್ ಆಗಿದೆ, ಇನ್ನು ಒಂದು ಫ್ರೇಮೂ ಅಲ್ಲಾಡಲ್ಲ ಅಂತ ನಿಮಗೆ ಹೇಳುತ್ತಾರೆ. ನಂಬಿ, ಆದರೆ ಸೆಷನ್ ಫೈಲಿನಲ್ಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಇಟ್ಟುಕೊಂಡಿರಿ.

ಸಮಯ ನಮ್ಮ ಕೈಗೆ ಬರುವುದೂ ಉಂಟು, ಅಪರೂಪಕ್ಕೆ. ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರದ ಮುಖ್ಯ ಸಂಗೀತವನ್ನು ಎನ್ನಿಯೋ ಮೊರಿಕೋನೆ ಶೂಟಿಂಗಿಗೆ ಮೊದಲೇ ಮಾಡಿದ್ದರು. ಸರ್ಜಿಯೋ ಲಿಯೋನೆ ಅದನ್ನು ಸೆಟ್ಟಿನಲ್ಲಿ ನುಡಿಸಿ ಶೂಟ್ ಮಾಡಿದರು. ‘ಜೋಕರ್’ ಚಿತ್ರಕ್ಕೂ ಐಸ್‌ಲ್ಯಾಂಡಿನ ಹಿಲ್ದುರ್ ಗುಡ್ನಾಡೋಟಿರ್ ಬರೀ ಸ್ಕ್ರಿಪ್ಟ್ ಓದಿಕೊಂಡು ಸಂಗೀತ ಕಳಿಸಿದರು. ಬಾತ್‌ರೂಮಿನಲ್ಲಿ ನಾಯಕ ನಿಧಾನಕ್ಕೆ ಕುಣಿಯುವ ಸೀನ್ ಆ ಸಂಗೀತವನ್ನು ಸೆಟ್ಟಿನಲ್ಲಿ ಕೇಳಿಸಿಕೊಂಡೇ ಹುಟ್ಟಿದ್ದು. ಆಕೆಗೆ 2020ರಲ್ಲಿ ಆಸ್ಕರ್ ಬಂತು. ಇಂಥ ನಿರ್ದೇಶಕರು ಸಿಕ್ಕರೆ ಬಿಡಬೇಡಿ.

ನಿಮಗೆ ಹೆಚ್ಚಾಗಿ ಸಿಗುವುದು ಟೆಂಪ್ ಟ್ರ್ಯಾಕ್. ಎಡಿಟಿಂಗ್ ಮಾಡುವಾಗ ಬರೀ ಮಾತಿಟ್ಟುಕೊಂಡು ನೋಡೋಕೆ ಬೇಜಾರು ಅಂತ ಬೇರೆ ಯಾವುದೋ ಸಿನಿಮಾದ ಸಂಗೀತ ತಂದು ಕೂರಿಸಿರುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ಅದರ ಮೇಲೆ ಮೋಹ ಹುಟ್ಟಿರುತ್ತದೆ. ಆಮೇಲೆ ನೀವು ಏನು ಮಾಡಿದರೂ ‘ಏನೋ ಮಿಸ್ ಆಗ್ತಿದೆ’ ಅನ್ನುತ್ತಾರೆ. ಮಿಸ್ ಆಗ್ತಿರೋದು ಆ ಹಳೇ ಸಂಗೀತ, ಇನ್ನೇನಲ್ಲ.

ಇದರ ದೊಡ್ಡ ಬಲಿ ಅಲೆಕ್ಸ್ ನಾರ್ತ್. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅವರು ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ಬಳಸಲೇ ಇಲ್ಲ. ತಾವು ಎಡಿಟಿಂಗ್ ಹೊತ್ತಿನಲ್ಲಿ ಹಾಕಿಕೊಂಡಿದ್ದ ಸ್ಟ್ರಾಸ್, ಲಿಗೆಟಿ ಮುಂತಾದವರ ಸಂಗೀತವನ್ನೇ ಉಳಿಸಿಕೊಂಡರು. ನಾರ್ತ್‌ಗೆ ಇದು ಗೊತ್ತಾಗಿದ್ದು ಸಿನಿಮಾ ನೋಡಲು ಹೋಗಿ ಕೂತಾಗ. ಸಿನಿಮಾ ಅದ್ಭುತ, ಸ್ಟ್ರಾಸ್ ಅವರ ಆ ವಾಲ್ಟ್ಜ್ ಇಲ್ಲದ ಆ ಚಿತ್ರವನ್ನು ಇಂದು ಊಹಿಸೋಕೂ ಆಗಲ್ಲ, ನಿಜ. ಆದರೂ ಒಂದು ಫೋನ್ ಮಾಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಬ್ಬರ ಸಂಗೀತ ತೆಗೆದುಹಾಕಿದ ಮೇಲೆ ಕರೆ ಬರುವುದೂ ಈ ವೃತ್ತಿಯ ಭಾಗ. 1974ರ ‘ಚೈನಾಟೌನ್’ಗೆ ಮೊದಲು ಮಾಡಿದ್ದ ಸಂಗೀತ ಬೇಡ ಅಂತಾದಾಗ ಜೆರ್ರಿ ಗೋಲ್ಡ್‌ಸ್ಮಿತ್‌ಗೆ ಸಿಕ್ಕಿದ್ದು ಹತ್ತೇ ದಿನ. ಅಷ್ಟರಲ್ಲೇ ಮಾಡಿದ ಆ ಸಂಗೀತ ಆಸ್ಕರ್ ನಾಮನಿರ್ದೇಶನ ಪಡೆಯಿತು. ಹತ್ತು ದಿನದಲ್ಲಿ ಹೇಗೆ ಸಾಧ್ಯ ಅಂದರೆ, ಅವರು ಪಳಗಿದ್ದು ಟಿವಿಯಲ್ಲಿ.

ಟಿವಿ ಅಂದರೆ ಮೂಗು ಮುರಿಯುವವರು ಇಲ್ಲೂ ಕೆಲವರು ಇರಬಹುದು. ಮುರಿಯಬೇಡಿ. ಆರ್ಕೆಸ್ಟ್ರಾಕ್ಕೆ ಬರೆಯುವವರು ದಿನಕ್ಕೆ ಎರಡು ಮೂರು ನಿಮಿಷದ ಸಂಗೀತ ಮುಗಿಸಿದರೆ ಒಳ್ಳೆ ವೇಗ ಅನ್ನುತ್ತೇವೆ. ವಾರಕ್ಕೊಂದು ಎಪಿಸೋಡ್, ಅದರಲ್ಲಿ ಅರ್ಧ ಗಂಟೆ ಸಂಗೀತ ಅಂದರೆ ಈ ಲೆಕ್ಕ ನಡೆಯಲ್ಲ. ಮಿಕ್ಸಿಂಗಿಗೆ ಒಂದು ದಿನ ಬಿಟ್ಟರೆ ದಿನಕ್ಕೆ ಐದು ನಿಮಿಷ. ದಿನಾ ಬರುವ ಧಾರಾವಾಹಿಗೆ ಎಪಿಸೋಡಿಗೊಂದು ಸಂಗೀತ ಬರೆಯುವ ಮಾತೇ ಇಲ್ಲ. ಅಲ್ಲಿ ಒಂದು ಗಂಟು ಮಾಡಿಕೊಡುತ್ತೇವೆ: ಒಂದೊಂದು ಪಾತ್ರಕ್ಕೆ ಒಂದು ಥೀಮ್, ಅದರ ದುಃಖದ ರೂಪ, ಅನುಮಾನದ ರೂಪ, ಬರೀ ತಾಳವಾದ್ಯದ ರೂಪ, 10 ಸೆಕೆಂಡಿನದು, 40 ಸೆಕೆಂಡಿನದು. ಎಡಿಟರ್ ಆರಿಸಿ ಹಾಕಿಕೊಳ್ಳುತ್ತಾರೆ. ನಿಮ್ಮ ದುಃಖದ ಕೊಳಲನ್ನು ಮದುವೆ ಸೀನಿಗೆ ಹಾಕಿರುವುದನ್ನು ನೀವೇ ಟಿವಿಯಲ್ಲಿ ನೋಡುವ ದಿನ ಬರುತ್ತದೆ. ತಯಾರಾಗಿರಿ.

ಆದರೆ ಸಿನಿಮಾದಲ್ಲಿ ಸಿಗದ ಒಂದು ಸಂಗತಿ ಟಿವಿಯಲ್ಲಿದೆ. ಅದು ವರ್ಷಗಳು. ಎರಡೂವರೆ ಗಂಟೆಯಲ್ಲಿ ಒಂದು ಟ್ಯೂನನ್ನು ನಾಲ್ಕೈದು ಸಲ ಕೇಳಿಸಬಹುದು. ಧಾರಾವಾಹಿಯಲ್ಲಿ ನೂರಾರು ಸಲ. ‘ಮಾಲ್ಗುಡಿ ಡೇಸ್’ ಶುರುವಿನ ಆ ಸಂಗೀತವನ್ನು ಎಲ್. ವೈದ್ಯನಾಥನ್ ಮಾಡಿ ನಾಲ್ಕು ದಶಕದ ಹತ್ತಿರ ಆಯಿತು. ಒಂದೊಂದು ಕಂತಿನ ಕಥೆ ಮರೆತವರೂ ಅದನ್ನು ಗುನುಗುತ್ತಾರೆ. ನನಗೆ ಅದರಲ್ಲಿ ಮೆಚ್ಚುಗೆಯಾಗುವುದು ಅದು ಎಷ್ಟು ಬೇಗ ಗುರುತು ಸಿಗುತ್ತದೆ ಅನ್ನೋದು. ಮೂರ್ನಾಲ್ಕು ಸ್ವರ ಸಾಕು. ಒಳಗಿನ ಕೋಣೆಯಲ್ಲಿದ್ದವರೂ ಎದ್ದು ಬರಬೇಕು. ಟೈಟಲ್ ಸಂಗೀತದ ಕೆಲಸವೇ ಅದು.

ಕಾಯಿಸಿ ಕೊಡುವುದಕ್ಕೂ ಟಿವಿಯಲ್ಲಿ ಜಾಗ ಇದೆ. ‘ಗೇಮ್ ಆಫ್ ಥ್ರೋನ್ಸ್’ 2011ರಲ್ಲಿ ಶುರುವಾಯಿತು. ರಮಿನ್ ಜವಾದಿ ಅದರ ಸಂಗೀತದಲ್ಲಿ ಪಿಯಾನೋ ಮುಟ್ಟಲೇ ಇಲ್ಲ. 2016ರಲ್ಲಿ, ಆರನೇ ಸೀಸನ್ನಿನ ಕೊನೆಯ ಎಪಿಸೋಡಿನ ಶುರುವಿಗೆ, ಮೊದಲ ಸಲ ಪಿಯಾನೋ ಕೇಳಿಸಿತು. ಪರದೆಯ ಮೇಲೆ ಇನ್ನೂ ಏನೂ ಆಗಿಲ್ಲ, ಜನ ಬಟ್ಟೆ ಹಾಕಿಕೊಂಡು ಸಿದ್ಧವಾಗುತ್ತಿದ್ದಾರೆ. ನೋಡುವವರಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸುಮ್ನೆ ಒಂದು ಪಿಯಾನೋ. ಹೆಚ್ಚೂಕಮ್ಮಿ ಆರು ಸೀಸನ್ ಅದನ್ನು ಬಚ್ಚಿಟ್ಟಿದ್ದರಿಂದ ಅದಕ್ಕೆ ಆ ಬೆಲೆ.

ಸರಿ, ಇದರೊಳಗೆ ಬರುವುದು ಹೇಗೆ? ಮುಂಬಾಗಿಲು ಅಂತ ಒಂದಿಲ್ಲ. ಗೋಲ್ಡ್‌ಸ್ಮಿತ್ 1950ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ನ ಸಂಗೀತ ವಿಭಾಗಕ್ಕೆ ಸೇರಿದ್ದು ಟೈಪಿಸ್ಟ್ ಗುಮಾಸ್ತರಾಗಿ. ಜಾನ್ ವಿಲಿಯಮ್ಸ್ ‘ಜಾಸ್’, ‘ಸ್ಟಾರ್ ವಾರ್ಸ್’ಗೆಲ್ಲ ಬರುವ ಎಷ್ಟೋ ಮೊದಲು ಬೇರೆ ಸಂಯೋಜಕರ ರೆಕಾರ್ಡಿಂಗ್‌ಗಳಲ್ಲಿ ಪಿಯಾನೋ ನುಡಿಸುತ್ತಿದ್ದರು. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದರು. ಎ.ಆರ್. ರೆಹಮಾನ್ ಬೇರೆಯವರ ತಂಡಗಳಲ್ಲಿ ಕೀಬೋರ್ಡ್ ನುಡಿಸಿ, ಜಾಹೀರಾತಿನ ಜಿಂಗಲ್ ಮಾಡಿ, ಆಮೇಲೆ 1992ರಲ್ಲಿ ‘ರೋಜಾ’ ಮಾಡಿದರು. 30 ಸೆಕೆಂಡಿನಲ್ಲಿ ಶುರು, ಮಧ್ಯ, ಕೊನೆ ಎಲ್ಲಾ ಹೇಳಿ ಮುಗಿಸುವ ಜಿಂಗಲ್‌ಗಿಂತ ಒಳ್ಳೆ ಪಾಠಶಾಲೆ ನನಗೆ ಗೊತ್ತಿಲ್ಲ. ಹಿಲ್ದುರ್ ಚೆಲ್ಲೋ ನುಡಿಸುವವರು. ಯೋಹಾನ್ ಯೋಹಾನ್ಸನ್ ಅವರ ಸಂಗೀತಕ್ಕೆ ನುಡಿಸುತ್ತಾ ಬೆಳೆದವರು. ‘ಚೆರ್ನೋಬಿಲ್’ ಧಾರಾವಾಹಿಗೆ ಅವರು ಲಿಥುವೇನಿಯಾದ ನಿಂತುಹೋದ ಅಣುಸ್ಥಾವರದೊಳಗೆ ಹೋಗಿ ಪಂಪು, ಬಾಗಿಲು, ಖಾಲಿ ಕೋಣೆಗಳ ಸದ್ದು ಹಿಡಿದು ತಂದು ಅದರಿಂದಲೇ ಸಂಗೀತ ಕಟ್ಟಿದರು. ನುಡಿಸುವವರಿಗೆ ಮಾತ್ರ ಹೊಳೆಯುವ ಐಡಿಯಾ ಅದು ಅಂತ ನನ್ನ ಗುಮಾನಿ.

ಸಹಾಯಕರಾಗಿ ಸೇರಿದವರಿಗೆ ಮೊದಮೊದಲು ಸಂಗೀತ ಮಾಡೋಕೆ ಕೊಡಲ್ಲ. ಫೈಲಿಗೆ ಹೆಸರಿಡುವುದು, ಹೊಸ ಕಟ್ ಬಂದಾಗ ಹಳೆಯದಕ್ಕೆ ತಾಳೆ ನೋಡುವುದು, ಫ್ರೇಮ್ ರೇಟ್ ಪರೀಕ್ಷೆ ಮಾಡುವುದು. ಈ ಕೊನೆಯದು ಚಿಕ್ಕ ಕೆಲಸ ಅಂದುಕೊಳ್ಳಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರ ಮತ್ತು 23.976 ಫ್ರೇಮಿನ ಚಿತ್ರ ಕಣ್ಣಿಗೆ ಒಂದೇ ಥರ. ತಪ್ಪಾಗಿ ಇಟ್ಟುಕೊಂಡರೆ ಹತ್ತು ನಿಮಿಷದಲ್ಲಿ ಸಂಗೀತ 0.6 ಸೆಕೆಂಡ್ ಸರಿದುಹೋಗಿರುತ್ತದೆ. ಆಗಲೇ ಲೆಕ್ಕ ಹಾಕಿ ಕೂರಿಸಿದ ಬಾಗಿಲು, ಗ್ಲಾಸ್ ಎಲ್ಲಾ ಢಮಾರ್. 24 ಫ್ರೇಮಿನ ಸಿನಿಮಾವನ್ನು ಹಾಗೇ 25ರ ವೇಗದಲ್ಲಿ ಟಿವಿಯಲ್ಲಿ ಓಡಿಸುವ ರೂಢಿ ಎಷ್ಟೋ ದೇಶಗಳಲ್ಲಿತ್ತು. ನೂರಕ್ಕೆ ನಾಲ್ಕರಷ್ಟು ವೇಗ. ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ ಏರುತ್ತದೆ, ಅಂದರೆ ‘ಸ’ ಹೋಗಿ ಶುದ್ಧ ‘ರಿ’ಯ ಬಾಗಿಲಲ್ಲಿ ನಿಂತಿರುತ್ತದೆ. ಕಿವಿ ಸೂಕ್ಷ್ಮ ಇರುವವರಿಗೆ ಟಿವಿಯಲ್ಲಿ ಸಿನಿಮಾ ನೋಡುವುದೇ ಹಿಂಸೆಯಾಗಿತ್ತು.

ಹಣದ ಮಾತು ಬೇಗ ಮುಗಿಸುತ್ತೇನೆ, ಆದರೆ ಬರೆದುಕೊಳ್ಳಿ. ಪ್ಯಾಕೇಜ್ ಲೆಕ್ಕದಲ್ಲಿ ಒಪ್ಪಿಕೊಂಡರೆ ನಿಮಗೆ ಬಂದ ಹಣದಲ್ಲೇ ವಾದ್ಯದವರು, ಸ್ಟುಡಿಯೋ, ಮಿಕ್ಸಿಂಗ್ ಎಲ್ಲಾ ಬರಬೇಕು. ಎಷ್ಟು ಸಲ ಬದಲಾವಣೆ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಕೊನೆಗೆ ಕೈಯಿಂದ ಹಾಕುತ್ತೀರಿ. ಒಮ್ಮೆ ಒಂದು ನಿರ್ಮಾಣ ಸಂಸ್ಥೆಗೆ ಕೆಲಸ ಮಾಡಿದಾಗ ಕೊನೆಯ ವಾದ್ಯದವರಿಗೆ ನಾನು ಕೊಟ್ಟು ಮುಗಿಸಿದ ಎಷ್ಟೋ ಕಾಲದ ಮೇಲೆ ನನ್ನ ಬಾಕಿ ಬಂತು.

ಇನ್ನೊಂದು ಕಾಗದ ಕ್ಯೂ ಶೀಟ್. ಯಾವ ತುಣುಕು, ಎಷ್ಟು ನಿಮಿಷ ಎಷ್ಟು ಸೆಕೆಂಡ್, ಯಾರು ಮಾಡಿದ್ದು, ಯಾರ ಪಾಲು ಎಷ್ಟು ಅಂತ ಬರೆದ ಪಟ್ಟಿ. ಟಿವಿಯಲ್ಲಿ ಪ್ರಸಾರವಾದಾಗ ಬರುವ ರಾಯಲ್ಟಿಗೆ ಆಧಾರ ಇದೇ. ಇದರಲ್ಲಿ ನಿಮ್ಮ ಹೆಸರು ತಪ್ಪಾಗಿ ಬಿದ್ದರೆ ಹಣ ಇನ್ನೆಲ್ಲೋ ಹೋಗುತ್ತದೆ. ಕಾನೂನು ದೇಶಕ್ಕೊಂದು ಥರ. ಅಮೆರಿಕದಲ್ಲಿ 1948ರ ಒಂದು ನ್ಯಾಯಾಲಯದ ತೀರ್ಪಿನ ನಂತರ ಸಿನಿಮಾ ಥಿಯೇಟರುಗಳಿಂದ ಸಂಗೀತ ಸಂಯೋಜಕರಿಗೆ ಈ ರಾಯಲ್ಟಿ ಬರುವುದಿಲ್ಲ. ಅದೇ ಸಿನಿಮಾ ಟಿವಿಗೆ ಬಂದರೆ ಬರುತ್ತದೆ. ಭಾರತದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಸಂಯೋಜಕರು, ಗೀತರಚನೆಕಾರರ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿತು. ಥಿಯೇಟರಿನಲ್ಲಿ ಸಿನಿಮಾದ ಭಾಗವಾಗಿ ಬರುವುದನ್ನು ಬಿಟ್ಟು ಬೇರೆ ಬಳಕೆಗಳಲ್ಲಿ ಅವರ ಪಾಲನ್ನು ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. ಸಹಿ ಹಾಕುವ ಮೊದಲು ಓದಿ. ಓದಿ ಅರ್ಥ ಆಗದಿದ್ದರೆ ವಕೀಲರಿಗೆ ತೋರಿಸಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಉಳಿಸಿಕೊಂಡಿದ್ದೇನೆ.

‘ಸರ್, ಸ್ಟಾಫ್ ನೊಟೇಷನ್ ಬರಲೇಬೇಕಾ?’

ಐದು ಗೆರೆಗಳ ಮೇಲೆ ಸ್ವರ ಬರೆಯುವ ಆ ಪಾಶ್ಚಾತ್ಯ ಪದ್ಧತಿ ಬರಲೇಬೇಕು ಅಂತೇನಿಲ್ಲ. ಕಂಪ್ಯೂಟರಿನಲ್ಲೇ ಎಲ್ಲಾ ಮುಗಿಸುವವರಿದ್ದಾರೆ. ಆದರೆ 40 ಜನ ವಾದ್ಯ ಹಿಡಿದು ಕೂತಿರುವಾಗ, ಸ್ಟುಡಿಯೋ ಮೀಟರ್ ಓಡುತ್ತಿರುವಾಗ, ‘ಎರಡನೇ ಪಿಟೀಲಿನವರು ಆ ಜಾಗದಲ್ಲಿ ಒಂಥರಾ ಕೆಳಗೆ ನುಡಿಸಿ’ ಅನ್ನೋಕಾಗಲ್ಲ. ಬರೆದು ಕೊಟ್ಟಿದ್ದರೆ ಒಂದು ನಿಮಿಷದ ಕೆಲಸ.

‘ಕಷ್ಟಪಟ್ಟು ಮಾಡಿದ್ದು ಥಿಯೇಟರಿನಲ್ಲಿ ಕೇಳಿಸೋದೇ ಇಲ್ಲವಲ್ಲ, ಏನು ಮಾಡೋದು?’

ಇದಕ್ಕೆ ಅರ್ಧ ಕಾರಣ ನಾವೇ. ಮಿಕ್ಸಿಂಗಿನಲ್ಲಿ ಮಾತೇ ಯಜಮಾನ. ಮಾತಿನ ಸ್ಥಾಯಿಯಲ್ಲೇ ನೀವು ಸೋಲೋ ಪಿಟೀಲಿನ ಟ್ಯೂನ್ ಓಡಿಸಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಮಿಕ್ಸಿಂಗ್ ಎಂಜಿನಿಯರ್ ಸಂಗೀತದ ಫೇಡರ್ ಕೆಳಗೆ ಎಳೆಯುತ್ತಾರೆ, ಅದರ ಜೊತೆ ಉಳಿದೆಲ್ಲವೂ ಹೋಯಿತು. ಮಾತಿರುವಾಗ ತಂಬೂರದ ಹಾಗೆ ಕೆಳಗೆ ಹರಡಿಕೊಂಡಿರಿ ಅಥವಾ ಮೇಲಿನ ಸ್ಥಾಯಿಗೆ ಹೋಗಿ. ಟ್ಯೂನನ್ನು ಮಾತುಗಳ ನಡುವಿನ ಬಿಡುವಿಗೆ ತನ್ನಿ. ತಂತಿವಾದ್ಯ, ತಾಳವಾದ್ಯ, ಸೋಲೋ, ಸಿಂಥ್ ಎಲ್ಲವನ್ನೂ ಬೇರೆ ಬೇರೆ ಸ್ಟೆಮ್, ಅಂದರೆ ಗುಂಪಿಗೊಂದು ಪ್ರತ್ಯೇಕ ಟ್ರ್ಯಾಕ್, ಮಾಡಿ ಕೊಡಿ. ಆಗ ಅವರು ತಗ್ಗಿಸಬೇಕಾದ ಒಂದನ್ನು ಮಾತ್ರ ತಗ್ಗಿಸುತ್ತಾರೆ.

‘ನಿರ್ದೇಶಕರು ಹೇಳಿದ್ದು ತಪ್ಪು ಅನ್ನಿಸಿದರೆ ನಮ್ಮಿಷ್ಟದಂತೆ ಮಾಡಬಹುದಾ?’

ಈ ಪ್ರಶ್ನೆ ಬಂದಾಗಲೆಲ್ಲ ‘ಸೈಕೋ’ ಉದಾಹರಣೆ ಕೊಡುತ್ತಾರೆ. 1960ರಲ್ಲಿ ಹಿಚ್‌ಕಾಕ್ ಶವರ್ ಸೀನಿಗೆ ಸಂಗೀತ ಬೇಡ ಅಂದಿದ್ದರು. ಹರ್ಮನ್ ಬರೆದರು, ಬರೀ ತಂತಿವಾದ್ಯಗಳಿಗೆ. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. 1966ರಲ್ಲಿ ‘ಟಾರ್ನ್ ಕರ್ಟನ್’ಗೆ ಹಗುರವಾದ, ಜನ ಗುನುಗುವಂಥ ಸಂಗೀತ ಬೇಕು ಅಂತ ಹಿಚ್‌ಕಾಕ್ ಕೇಳಿದ್ದರು. ಹರ್ಮನ್ ಮತ್ತೆ ತಮ್ಮ ದಾರಿಯಲ್ಲೇ ಹೋದರು, 16 ಹಾರ್ನ್, 12 ಕೊಳಲು ಇಟ್ಟುಕೊಂಡು. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಹಿಚ್‌ಕಾಕ್ ಅವರನ್ನು ತೆಗೆದುಹಾಕಿದರು. ಸಂಗೀತವನ್ನು ಜಾನ್ ಅಡಿಸನ್ ಮಾಡಿಕೊಟ್ಟರು. ಹಿಚ್‌ಕಾಕ್ ಮತ್ತು ಹರ್ಮನ್ ಮತ್ತೆಂದೂ ಒಟ್ಟಿಗೆ ಕೆಲಸ ಮಾಡಲಿಲ್ಲ.

ನಾನು ಎರಡು ವರ್ಷನ್ ತಗೊಂಡು ಹೋಗುತ್ತೇನೆ. ಅವರು ಕೇಳಿದ್ದನ್ನು ಮೊದಲು ಹಾಕಿ ತೋರಿಸುತ್ತೇನೆ.